ಒಳಗೆ ಬಿಡದ ಎರಡು ಬೆರಳು ಬಟ್ಟೆ

ವರ್ಷಕ್ಕೆರಡು ಸಲ ಪರದೇಶದ ಫ್ಯಾಶನ್ ಶೋಗಳು ಶುರುವಾದರೆ ನಂಜನಗೂಡಿನ ನನ್ನ ಟೈಲರಿಂಗ್ ಅಂಗಡಿಯಲ್ಲಿ ಮಧ್ಯಾಹ್ನ ಮಿಷನ್ ನಿಲ್ಲುತ್ತದೆ. ಫೋನನ್ನು ದಾರದ ಡಬ್ಬಕ್ಕೆ ಒರಗಿಸಿಟ್ಟು ನೋಡುತ್ತ ಕೂರುತ್ತೇನೆ. ಪಕ್ಕದಲ್ಲಿ ಅತ್ತೆ, ಬ್ಲೌಸುಗಳಿಗೆ ಹುಕ್ಕು ಹಾಕುತ್ತ. ನನಗೆ ಹೊಲಿಗೆ ಕಲಿಸಿದವರು ಅವರೇ. ಮುಡುಕುತೊರೆ ಕಡೆಯವರು, ಬಾಯಿ ಜೋರು. ರ‍್ಯಾಂಪಿನ ಮೇಲೆ ಯಾವ ಹುಡುಗಿ ನಡೆದು ಬಂದರೂ, “ಅಯ್ಯೋ, ಆ ಎಣ್ಣು ಓಗಿ ಒಂದ್ ತುತ್ತು ಉಣ್ಣಬಾರ್ದಾ?” ಅನ್ನುತ್ತಾರೆ.

ಡಿಸೈನರ್‌ಗಳ ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ಹಾಗಾಗಿ ನಾನೇ ಹೆಸರಿಟ್ಟುಕೊಂಡಿದ್ದೇನೆ. ಹೋದ ವರ್ಷದ ಸೀಸನ್ನಿನಲ್ಲಿ ಮೂವರು ಮನಸ್ಸಿಗೆ ಹಿಡಿಸಿದ್ದರು. ಮೊದಲನೆಯವನು ಬೂದಿ ಅಣ್ಣ. ಅವನ ಕಲೆಕ್ಷನ್ ಪೂರ್ತಿ ಒಲೆಬೂದಿಯ ಬಣ್ಣ, ಆದರೂ ಒಂದು ಕೋಟಿನ ಬೂದಿ ಇನ್ನೊಂದರಲ್ಲಿಲ್ಲ. ನಮ್ಮೂರಲ್ಲಿ ಆ ಬಣ್ಣ ಹೊಲಿದುಕೊಟ್ಟರೆ ಯಾರ ಮನೆಯಲ್ಲಿ ಏನಾಯಿತು ಎಂದು ಕೇಳುತ್ತಾರೆ. ನನಗಂತೂ ಕಣ್ಣು ತಣ್ಣಗಾಯಿತು. ಎರಡನೆಯವಳು ತೋಳಮ್ಮ. ಕುಂಬಳಕಾಯಿ ಗಾತ್ರದ ತೋಳುಗಳು; ನೆರಿಗೆ ಹಿಡಿದಿದ್ದ ಕೈಚಳಕಕ್ಕೆ ಬೆರಗಾದೆ. ಆದರೆ ಅದನ್ನು ತೊಟ್ಟು ಬೆಳಗಿನ ಹುಲ್ಲಹಳ್ಳಿ ಬಸ್ಸು ಹತ್ತಲಿ ನೋಡೋಣ.

ನನ್ನ ತಲೆ ಕೆಡಿಸಿದ್ದು ಮೂರನೆಯವಳು. ಅವಳ ಹುಡುಗಿಯರು ರ‍್ಯಾಂಪಿನ ತುದಿಗೆ ಬಂದು, ಕೋಟು ಬಿಚ್ಚಿ, ಒಳಮಗ್ಗುಲು ಹೊರಗೆ ಮಾಡಿ ತೋರಿಸುತ್ತಿದ್ದರು. ಒಳಗೂ ಹೊರಗಿನಷ್ಟೇ ನೀಟು. ಒಂದೆಳೆ ಹೆಚ್ಚಿನ ಬಟ್ಟೆ ಇಲ್ಲ. ಅದನ್ನೇ ಹತ್ತು ಸಲ ನೋಡಿರಬೇಕು.

ನಾವು ಹೊಲಿದ ಬ್ಲೌಸಿನ ಒಳಮಗ್ಗುಲನ್ನು ಯಾರಿಗೂ ತೋರಿಸುವ ಹಾಗಿಲ್ಲ. ಎರಡೂ ಪಕ್ಕದಲ್ಲಿ ಎರಡೆರಡು ಬೆರಳು ಬಟ್ಟೆ ಬಿಟ್ಟಿರುತ್ತೇವೆ. ಮೈ ಬಂದರೆ ಒಂದು ಹೊಲಿಗೆ ಬಿಚ್ಚಿದರಾಯಿತು, ಅದೇ ಬ್ಲೌಸು ಇನ್ನೂ ಹತ್ತು ವರ್ಷ ನಡೆಯುತ್ತದೆ. “ಒಳ್ಗೆ ಬಟ್ಟೆ ಬುಡವ್ವ” ಎನ್ನುವುದೇ ಅತ್ತೆ ಕಲಿಸಿದ ಮೊದಲ ಪಾಠ. ಆ ಶೋ ನೋಡಿದ ಮೇಲೆ ನನಗೆ ಅದೆಲ್ಲ ಒಡ್ಡೊಡ್ಡು ಕೆಲಸ ಅನ್ನಿಸಿಬಿಟ್ಟಿತು.

ಅದೇ ಹೊತ್ತಿಗೆ ತಂಗಿಯ ಮದುವೆ ಗೊತ್ತಾಯಿತು. ಅವಳು ಟಿ. ನರಸೀಪುರದಲ್ಲಿ ಸರ್ಕಾರಿ ಕಚೇರಿಯ ಕೆಲಸದಲ್ಲಿದ್ದಾಳೆ. ವಯಸ್ಸು ಮೂವತ್ತೆಂಟು. ಬಂದ ಗಂಡುಗಳೆಲ್ಲ ಏನಾದರೊಂದು ಕೊಂಕು ತೆಗೆದು ಹೋಗಿದ್ದರು. ಈ ಗಂಡಿನವರು ಮಾತ್ರ ಅವಳನ್ನು ಮೆಚ್ಚಿ ಬಂದವರು. ಧಾರೆ ಸೀರೆಯ ಬ್ಲೌಸನ್ನು ಶೋದ ಆ ಮೂರನೆಯವಳ ಕೋಟಿನ ಹಾಗೇ ಹೊಲಿದೆ. ಹೆಚ್ಚಿನ ಬಟ್ಟೆಯನ್ನೆಲ್ಲ ಕತ್ತರಿಸಿ ಎಸೆದೆ. ಒಳಮಗ್ಗುಲು ತಿರುಗಿಸಿ ಅತ್ತೆಗೆ ತೋರಿಸಿದಾಗ ಅವರು ಬೆರಳಾಡಿಸಿ ನೋಡಿ, “ಚೆಂದಾಗದೆ. ನಾಳೆ ಬಿಚ್ಚಕ್ಕೆ ಏನದೆ?” ಎಂದರು. ನಾನು ಮುಖ ಊದಿಸಿಕೊಂಡೆ.

ಗಂಡಿನ ಮನೆಯಲ್ಲಿ ಅಜ್ಜಿ ತೀರಿಕೊಂಡು ಮದುವೆ ನಾಲ್ಕು ತಿಂಗಳು ಮುಂದೆ ಹೋಯಿತು. ಅಷ್ಟರಲ್ಲಿ ತಂಗಿಗೆ ಥೈರಾಯ್ಡ್ ಶುರುವಾಗಿ ಮೈ ಬಂತು. ಮದುವೆಗೆ ಇನ್ನು ಎರಡು ವಾರವಿದೆ ಎನ್ನುವಾಗ ಅಂಗಡಿಗೆ ಬಂದು ಬ್ಲೌಸು ತೊಟ್ಟು ನೋಡಿದರೆ ಹುಕ್ಕು ಮೂರು ಬೆರಳು ದೂರ. “ಏನೇ ಇದು, ಹಿಂಗೆ ಊದಿಕೊಂಡಿದ್ದೀಯ?” ಅಂದುಬಿಟ್ಟೆ. ತಪ್ಪು ನನ್ನ ಕತ್ತರಿಯದು, ಬೈಸಿಕೊಂಡವಳು ಅವಳು. “ಬಿಡಕ್ಕ, ಇನ್ನೂ ದಿನ ಇದೆಯಲ್ಲ, ನಾನೇ ಇಳೀತೀನಿ” ಎಂದು ನಕ್ಕು ಬಸ್ಸು ಹತ್ತಿದಳು.

ನಾಲ್ಕನೇ ದಿನ ಅವ್ವ ಫೋನ್ ಮಾಡಿದಳು. “ಮೂರ್ ದಿವ್ಸದಿಂದ ಬರೀ ಮಜ್ಜಿಗೆ ಕಣೇ. ಇವತ್ತು ಕಚೇರೀಲಿ ತಲೆ ತಿರುಗಿ ಬಿದ್ದವ್ಳೆ. ಕೇಳುದ್ರೆ ಬ್ಲೌಸು ಅಂತಾಳೆ.”

ನನ್ನ ಮೇಲೆ ನನಗೇ ಅಸಹ್ಯವಾಯಿತು. ಅತ್ತೆ ಬೈದಿದ್ದರೆ ಎಷ್ಟೋ ಮೇಲಾಗಿತ್ತು. ಅವರು ಹುಕ್ಕಿನ ಡಬ್ಬ ಮುಚ್ಚಿಟ್ಟು, “ಬಟ್ಟೆ ಬಿಚ್ಬೋದು, ಮೈ ಬಿಚ್ಚಕ್ಕಾಯ್ತದಾ?” ಎಂದಷ್ಟೇ ಹೇಳಿ ಧಾರೆ ಸೀರೆ ತರಿಸಲು ಹೇಳಿದರು. ಸೊಂಟಕ್ಕೆ ಸಿಕ್ಕಿಸುವ ಒಳತುದಿಯಿಂದ ಎರಡು ಪಟ್ಟಿ ತಾವೇ ಕತ್ತರಿಸಿಕೊಟ್ಟರು. ಬ್ಲೌಸಿನ ಎರಡೂ ಪಕ್ಕ ಬಿಚ್ಚಿ ಅವನ್ನು ಸೇರಿಸಿದೆ. ಈ ಸಲ ಒಳಗೆ ಬಟ್ಟೆ ಬಿಟ್ಟೆ. ತಂಗಿಗೆ ಫೋನ್ ಮಾಡಿ, “ಬ್ಲೌಸು ಸರಿಯಾಯ್ತು, ಮೊದಲು ಊಟ ಮಾಡು” ಎಂದೆ. ಅವಳು ಹ್ಞೂಂ ಎಂದಳು.

ಮದುವೆಯ ದಿನ ಹುಕ್ಕು ಸಲೀಸಾಗಿ ಕೂತಿತು. ಒಳಗೆ ಇನ್ನೂ ಎರಡು ಬೆರಳು ಬಟ್ಟೆ ಇತ್ತು. ಧಾರೆ ಮುಗಿದು ಊಟಕ್ಕೆ ಕೂತಾಗ ನಾನು ಅವಳ ಪಕ್ಕದಲ್ಲೇ ಇದ್ದೆ. ಎರಡನೇ ಸಲ ಹೋಳಿಗೆ ಬಂತು. ತಂಗಿ ಎಲೆಗೆ ಕೈ ಅಡ್ಡ ಹಿಡಿದು, ನನ್ನ ಮುಖ ನೋಡಿ, ಯಾರಿಗೂ ಕೇಳದಷ್ಟು ಮೆಲ್ಲಗೆ ಅಂದಳು:

“ಅಕ್ಕ, ಇನ್ನೊಂದು ಹಾಕಿಸ್ಕೊಳ್ಳಲಾ?”

ಅವಳ ಕೈ ಸರಿಸಿ, ಬಡಿಸುವವರಿಗೆ ಎರಡು ಹಾಕಿ ಎಂದೆ.