ಅಕ್ಕ ಬರೆದ ನೀರಿನ ಗ್ಲಾಸು

ನಮ್ಮ ದೇವಣಗಾಂವಕ್ಕೆ ಆಗಿನ್ನೂ ನಳ ಬಂದಿರಲಿಲ್ಲ, ಹೊಳೆಯ ನೀರೇ ಕುಡಿಯುತ್ತಿದ್ದೆವು. ಮನೆಯಲ್ಲಿ ಗಾಜಿನ ಸಾಮಾನೆಂದರೆ ಒಂದೇ ಒಂದು ಗ್ಲಾಸು. ಬೀಗರು ಬಂದರೂ ಅದರಲ್ಲಿ ಚಹಾ ಕೊಡುತ್ತಿರಲಿಲ್ಲ. ದಿನಾ ನೀರು ತುಂಬಿ ದೇವರ ಜಗಲಿಯ ಮೇಲಿಡಲು ಮೀಸಲು.

ಮಳೆಗಾಲದ ಹೊಸ ನೀರು ಬಂದಾಗ ಊರಲ್ಲಿ ವಾಂತಿಭೇದಿ ಎದ್ದಿತು. ನಮ್ಮಕ್ಕ ಗೌರಿಗೂ ಹತ್ತಿತು. ಅವಳಿಗೆ ಹದಿಮೂರು, ನನಗೆ ಎಂಟು. ಜಗಲಿಯ ಎದುರೇ ಅವಳ ಹಾಸಿಗೆ. ಮನೆ ತುಂಬ ಲೋಬಾನದ ಹೊಗೆ, ಹಸಿ ಗೋಡೆಯ ವಾಸನೆ.

"ಅವ್ವಾ, ಒಂದ ಗುಟುಕ ನೀರ ಕೊಡ."

"ಕೊಟ್ಟರ ಮತ್ತ ಹೊರಗ ಹೊಂಟೀತು. ತಡಕೋ ನನ್ನ ಬಂಗಾರಾ" ಅನ್ನುತ್ತ ಅವ್ವ ಒದ್ದೆ ಅರಿವೆಯಿಂದ ತುಟಿ ಒರೆಸುತ್ತಿದ್ದಳು. ಭೇದಿಯಾದವರಿಗೆ ನೀರು ಕೊಡಬಾರದೆಂದೇ ಆಗ ಎಲ್ಲರೂ ನಂಬಿದ್ದರು.

ಎರಡನೆಯ ದಿನ ಅಕ್ಕ ನನ್ನ ಪೆನ್ಸಿಲ್ ಕೇಳಿದಳು. ಮಲಗಿಕೊಂಡೇ, ಬಿಟ್ಟು ಬಿಟ್ಟು, ವಹಿಯ ಹಿಂದಿನ ಹಾಳೆಯಲ್ಲಿ ಜಗಲಿಯ ಗ್ಲಾಸನ್ನು ಬರೆದಳು. ಅಂಚಿನ ಬೆಳಕಿಗೆಂದು ಹಾಳೆಯನ್ನು ಬಿಳಿಯಾಗಿಯೇ ಬಿಟ್ಟಿದ್ದಳು. ತಳದ ದಪ್ಪ ಗಾಜು ಕಪ್ಪಗಿತ್ತು. ಹಿಂದಿನ ಗೋಡೆಯ ಬಿರುಕು ನೀರಿನೊಳಗೆ ಬಂದಲ್ಲಿ ತುಸು ಪಕ್ಕಕ್ಕೆ ಸರಿದಿತ್ತು. ಹೊರಮೈ ಮೇಲೆ ಒಂದು ಹನಿ ಇನ್ನೇನು ಇಳಿಯುವಂತಿತ್ತು. ಬೆರಳಿಟ್ಟೆ, ಬೆರಳಿಗೆ ಕರಿ ಹತ್ತಿತು.

"ಖರೇ ನೀರ ಇದ್ದಂಗ ಐತೆಕ್ಕಾ! ಸಾಲ್ಯಾಗ ಮಾಸ್ತರಿಗೆ ತೋರಸೂಣು."

"ಹುಚ್ಚಿ, ತೋರಸಾಕಂತ ಬರದಿಲ್ಲ." ಅವಳ ನಾಲಿಗೆ ಅಂಟುತ್ತಿತ್ತು. "ಅವ್ವ ಹಿತ್ತಲಕ ಹೋಗ್ಯಾಳ. ಅದನ್ನ ಇಳಿಸಿ ಕೊಡ."

ದೇವರ ನೀರು! ಆದರೂ ಇಳಿಸಿ ಕೊಟ್ಟೆ. ಕಣ್ಣು ಮುಚ್ಚಿ ಗಟಗಟ ಕುಡಿದಳು. ಅರ್ಧ ಆಗುವಷ್ಟರಲ್ಲಿ ಹಿತ್ತಲ ಬಾಗಿಲ ಸಪ್ಪಳವಾಯಿತು. ಹೆದರಿ ಕಸಿದುಕೊಂಡು ಉಳಿದದ್ದನ್ನು ಜಗಲಿಯ ಮೇಲಿಟ್ಟುಬಿಟ್ಟೆ. ಅಕ್ಕನ ಕೈ ಮಾತ್ರ ಗ್ಲಾಸು ಹಿಡಿದಂತೆಯೇ ಇತ್ತು.

ಮರುದಿನ ಮಧ್ಯಾಹ್ನ ಅವಳು ಹೋದಳು. ನಾನು ಕೊಟ್ಟ ನೀರೇ ಅವಳನ್ನು ಕೊಂದಿತೆಂದು ವರ್ಷಗಟ್ಟಲೆ ಒಳಗೊಳಗೇ ಸತ್ತೆ, ಯಾರಿಗೂ ಹೇಳಲಿಲ್ಲ.

ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದ ಮೇಲೆ ನನ್ನ ಮಗನಿಗೂ ಭೇದಿ ಹತ್ತಿತು. ನಾನು ನೀರು ಮುಚ್ಚಿಟ್ಟಿದ್ದೆ. ನರ್ಸಬಾಯಿ ಗದರಿದಳು: "ಉಪ್ಪು ಸಕ್ರಿ ಹಾಕಿ ನೀರ ಕೊಡಕೋತ ಇರ್ರಿ. ನೀರಿಲ್ಲಂದ್ರ ಕೂಸು ಉಳಿಯೂದಿಲ್ಲ." ಮಗ ಉಳಿದ. ನಾನು ದವಾಖಾನೆಯ ಕಟ್ಟೆಯ ಮೇಲೆ ಕುಳಿತು ಅಕ್ಕನಿಗಾಗಿ ಅತ್ತೆ.

ಈಗ ನನ್ನ ಅಡುಗೆಮನೆಯಲ್ಲಿ ಒಂದು ಡಜನ್ ಗಾಜಿನ ಗ್ಲಾಸುಗಳಿವೆ. ಆ ಹಾಳೆ ಜಗಲಿಯ ಮೇಲೆ ವಿಭೂತಿ ಡಬ್ಬಿಯ ಕೆಳಗಿದೆ, ಹನಿ ಮಾಸಿಹೋಗಿದೆ. ನಿನ್ನ ಪಾಲಿನದನ್ನು ಅರ್ಧವಾದರೂ ಅವಳಿಗೆ ಕುಡಿಸಿದೆಯಲ್ಲ ಶಿವನೇ ಎಂದು ದಿನಾ ಕೈ ಮುಗಿಯುತ್ತೇನೆ.

ಅಕ್ಕ ಬರೆದದ್ದು ತುಂಬಿದ ಗ್ಲಾಸು.