ಕಟ್ಟೆ ದಾಟುವ ಚಪ್ಪಲಿ

ಈ ಊರಿಗೆ ಸೊಸೆಯಾಗಿ ಬಂದ ದಿನವೇ ನಾನು ಕಲಿತ ಪಾಠವೆಂದರೆ, ಅಗಸಿಯ ಕಟ್ಟೆ ಬಂದಾಗ ಹೆಂಗಸರು ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಳ್ಳಬೇಕು, ದಾಟಿದ ಮೇಲೆ ಮತ್ತೆ ಮೆಟ್ಟಿಕೊಳ್ಳಬೇಕು. ಊರ ಬಾಗಿಲಲ್ಲಿ, ಬೇವಿನ ಮರದ ಕೆಳಗೆ, ಹಿರಿಯ ಗಂಡಸರು ಕೂರುವ ಕಲ್ಲಿನ ಕಟ್ಟೆ ಅದು. ಯಾರೂ ಇಲ್ಲದೆ ಬರೀ ನಾಯಿ ಮಲಗಿದ್ದರೂ ಬಿಚ್ಚಲೇಬೇಕು. ಎಷ್ಟೋ ಮಧ್ಯಾಹ್ನ ನಾನು ನಾಯಿಗೇ ಮರ್ಯಾದೆ ಕೊಟ್ಟು ಹೋಗಿದ್ದೇನೆ.

ಆ ಕಟ್ಟೆಯ ಆಚೆಗೇ ನಮ್ಮ ಆರೋಗ್ಯ ಕೇಂದ್ರ ಶುರುವಾಯಿತು. ಕೇಂದ್ರವೆಂದರೆ ದೊಡ್ಡದೇನಲ್ಲ. ಪಾಳು ಬಿದ್ದಿದ್ದ ಗೋದಾಮೊಂದನ್ನು ಸ್ವಸಹಾಯ ಸಂಘದ ಹೆಂಗಸರು ಜಗಳ ಮಾಡಿ ಇಸಿದುಕೊಂಡು, ಸುಣ್ಣ ಬಳಿದು, ಬೆಂಚು ಹಾಕಿದ್ದೆವು. ಗುರುವಾರಕ್ಕೊಮ್ಮೆ ಹಡಗಲಿ ಕಡೆಯಿಂದ ನರ್ಸಮ್ಮ ಬರುತ್ತಿದ್ದರು. ಬಿ.ಪಿ., ಸಕ್ಕರೆ ನೋಡಿ ಗುಳಿಗೆ ಕೊಡುತ್ತಿದ್ದರು, ಮಂಡಿನೋವಿನವರಿಗೆ ಕಾಲೆತ್ತಿ ಇಳಿಸುವುದನ್ನು ಕಲಿಸುತ್ತಿದ್ದರು. ಆಮೇಲೆ ಚಹಾ, ಮಂಡಕ್ಕಿ, ಮಾತು. ಗಂಡ ತೀರಿಕೊಂಡವರು, ಗಂಡಸರೆಲ್ಲ ಕುರಿ ಹೊಡೆದುಕೊಂಡು ಹೊಳೆಸಾಲಿಗೆ ಹೋದಾಗ ಮನೆಯಲ್ಲಿ ಒಂಟಿಯಾಗುವ ಮುದುಕಿಯರು ಅಲ್ಲಿಗೆ ಬಂದು ಹೊಟ್ಟೆ ತುಂಬ ಮಾತಾಡಿ ಹೋಗುತ್ತಿದ್ದರು. ಗುಳಿಗೆಗಿಂತ ಅದೇ ಹೆಚ್ಚು ನಾಟುತ್ತಿತ್ತು ಎಂದು ಈಗಲೂ ವಾದ ಮಾಡುತ್ತೇನೆ.

ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ವಿಧವೆಯಾದ ಮೇಲೆ ಹೊರಗೆ ಬರುವುದನ್ನೇ ಬಿಟ್ಟಿದ್ದಳು. ಗೋಗರೆದು ಕೇಂದ್ರಕ್ಕೆ ಕರೆತಂದಿದ್ದೆ. ಸಕ್ಕರೆ ಕಾಯಿಲೆ ಅವಳ ಅಂಗಾಲಿನ ಸ್ಪರ್ಶವನ್ನೇ ತಿಂದುಹಾಕಿತ್ತು, ಹೆಬ್ಬೆರಳಿನ ಬುಡದಲ್ಲಿ ಹುಣ್ಣಾಗಿತ್ತು. ನರ್ಸಮ್ಮ ಮೆತ್ತನೆಯ ತಳದ, ಪಟ್ಟಿಯಿರುವ ಚಪ್ಪಲಿ ತರಿಸಿಕೊಟ್ಟು, "ಬರಿಗಾಲಲ್ಲಿ ಒಂದು ಹೆಜ್ಜಿನೂ ಇಡಬ್ಯಾಡ್ರಿ, ಮನಿ ಒಳಗೂ ಹಾಕ್ಕೊಂಡಿರ್ರಿ. ಹುಣ್ಣು ಒಳಗಿಳಿದ್ರ ಕಾಲೇ ತಗೀಬೇಕಾಕ್ಕತಿ" ಎಂದಿದ್ದರು.

ವಾರಗಳು ಕಳೆದರೂ ಹುಣ್ಣು ಮಾಯಲಿಲ್ಲ, ಅಗಲವಾಯಿತು. ನರ್ಸಮ್ಮ ಸಿಟ್ಟಾದರು.

"ಬರಿಗಾಲಲ್ಲಿ ಅಡ್ಡಾಡ್ತೀರಿ ನೀವು."

"ಇಲ್ರೀ ಯವ್ವಾ, ದೇವರಾಣಿ," ಎಂದಳು ಇವಳು. ಸುಳ್ಳು ಹೇಳುವ ಹೆಂಗಸಲ್ಲ. ನನಗೆ ತಲೆಬುಡ ತಿಳಿಯಲಿಲ್ಲ.

ಮುಂದಿನ ಗುರುವಾರ ನಾನೇ ಅವಳ ಜೊತೆಗೆ ಹೊರಟೆ. ಬೇಸಿಗೆ, ಬೆಳಗಿನಲ್ಲೇ ನೆತ್ತಿ ಸುಡುತ್ತಿತ್ತು. ಕಟ್ಟೆ ಬಂದದ್ದೇ ಅವಳು ಬಗ್ಗಿ, ಪಟ್ಟಿ ಬಿಚ್ಚಿ, ಚಪ್ಪಲಿಯನ್ನು ಸೆರಗಿನಡಿ ಹಿಡಿದು, ಕಾದ ಹಾಸುಗಲ್ಲಿನ ಮೇಲೆ ಆ ಹುಣ್ಣಿನ ಕಾಲು ಊರುತ್ತ ನಿಧಾನವಾಗಿ ನಡೆದಳು. ಬಿಸಿ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಕಟ್ಟೆ ದಾಟುವುದನ್ನು ಬರಿಗಾಲಲ್ಲಿ ನಡೆಯುವುದೆಂದು ಅವಳು ಅಂದುಕೊಂಡೇ ಇರಲಿಲ್ಲ. ಬೈಯಲು ಬಾಯಿ ತೆರೆದವಳು ನನ್ನ ಕೈ ನೋಡಿಕೊಂಡೆ. ನನ್ನ ಚಪ್ಪಲಿಯೂ ಕೈಯಲ್ಲೇ ಇತ್ತು. ಮೈಯೆಲ್ಲ ಉರಿದುಹೋಯಿತು. ಅಲ್ಲೇ, ಕಟ್ಟೆಯ ಎದುರಿಗೇ, ಪಟ್ ಎಂದು ನೆಲಕ್ಕೆ ಹಾಕಿ ಮೆಟ್ಟಿಕೊಂಡೆ.

ಕಟ್ಟೆಯ ಮೇಲೆ ದೊಡ್ಡ ಮಾವ, ಅಂದರೆ ನನ್ನ ಮಾವನ ಅಣ್ಣ, ಎಲೆಗೆ ಸುಣ್ಣ ಸವರುತ್ತ ಕೂತಿದ್ದರು.

"ಏನವಾ, ಹಿರೇರು ಕುಂತಿದ್ದು ಕಾಣವಲ್ದೇನು?"

"ನೀವು ಕಾಣ್ತೀರಿ ಮಾವಾರ. ಅಕ್ಕನ ಕಾಲು ನಿಮಗ ಕಾಣವಲ್ದು."

"ಕಾಲಿಗೆ ತ್ರಾಸ ಇದ್ರ ಹಿಂದಿನ ಓಣಿ ಐತೆಲ್ಲ, ಆ ಕಡಿಂದ ಹೋಗ್ರಿ. ಬ್ಯಾಡ ಅಂದೋರು ಯಾರು?"

ಹಿಂದಿನ ಓಣಿಯೆಂದರೆ ತಿಪ್ಪೆಗಳ ಸಾಲು, ಕಾಲಿಟ್ಟಲ್ಲೆಲ್ಲ ಜಾಲಿಮುಳ್ಳು.

"ತಿಪ್ಪಿ ತುಳಕೊಂಡು ದವಾಖಾನಿಗೆ ಹೋಗಂಗಿಲ್ರಿ ನಾವು. ಇದೇ ದಾರಿ, ಚಪ್ಪಲಿ ಮೆಟ್ಕೊಂಡೇ ಹೋಗ್ತೀವಿ."

ಹೇಳುವುದನ್ನು ಹೇಳಿದೆ. ಆದರೆ ಯಾರಿಗಾಗಿ ಹೇಳಿದೆನೋ ಅವಳೇ ತಲೆ ತಗ್ಗಿಸಿ, "ಸುಮ್ಮನಿರು ತಂಗಿ, ನನ್ನ ಸಲುವಾಗಿ ಹಿರೇರ ಜೋಡಿ ಮಾತು ಬ್ಯಾಡ" ಎಂದು ಬರಿಗಾಲಲ್ಲೇ ಮುಂದೆ ಹೋದಳು. ಅವಳ ಮೇಲೂ ಸಿಟ್ಟು ಬಂತು.

ಊರು ನನಗೆ ಸೊಕ್ಕಿನವಳೆಂದು ಹೆಸರಿಟ್ಟಿತು. ಇಟ್ಟುಕೊಂಡೆ. ಪ್ರತಿ ಗುರುವಾರ ಬೇಕೆಂದೇ ಟಪಟಪ ಸದ್ದು ಮಾಡುತ್ತ ಕಟ್ಟೆ ದಾಟಿದೆ. ಕೆಲವು ಮುದುಕಿಯರು ನನ್ನ ಹಿಂದೆ ಚಪ್ಪಲಿಯಲ್ಲೇ ಬಂದರು. ಕೆಲವರನ್ನು ಮನೆಯವರು ಕೇಂದ್ರಕ್ಕೇ ಕಳಿಸಲಿಲ್ಲ. ನೆಗೆಣ್ಣಿ ಮಾತ್ರ ಬಿಚ್ಚುತ್ತಲೇ ಇದ್ದಳು. ಮಳೆಗಾಲದ ಹೊತ್ತಿಗೆ ಕಾಲು ಬಾತು, ಚಳಿಜ್ವರ ಹಿಡಿದು, ದೊಡ್ಡ ಆಸ್ಪತ್ರೆಗೆ ಒಯ್ದೆವು. ಹೆಬ್ಬೆರಳು ತೆಗೆದರು. ಇನ್ನಷ್ಟು ತಡವಾಗಿದ್ದರೆ ಪಾದವೇ ಹೋಗುತ್ತಿತ್ತಂತೆ. ಅವಳು ಅಳಲಿಲ್ಲ, ಬ್ಯಾಂಡೇಜು ಸುತ್ತಿದ ಕಾಲನ್ನೇ ನೋಡುತ್ತ ಮಲಗಿದ್ದಳು. ಅತ್ತವಳು ನಾನು.

ಮನೆಗೆ ಕರೆತಂದ ದಿನ ಅವಳು ಆಟೋದಲ್ಲಿ ಕಾಲು ಚಾಚಿ, ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಗಸಿ ಬಂತು. ಆಟೋದವನು, "ಮನಿ ಬಾಗಲಿಗೇ ಬಿಡ್ತೀನಿ ಬಿಡ್ರಿ" ಎಂದ.

"ಇಲ್ಲೇ ನಿಲ್ಸಪಾ. ಕಟ್ಟಿ ಮಗ್ಗಲಕ್ಕ ಹಚ್ಚಿ ನಿಲ್ಸು," ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ನನ್ನ ಭುಜ ಹಿಡಿದು, ಕಾಲನ್ನು ನೆಲಕ್ಕೆ ತಾಗಿಸದೆ, ಸೀಟಿನಿಂದ ಸೀದಾ ಕಟ್ಟೆಯ ಮೇಲೆ ಕೂತಳು. ಹೆಂಗಸೊಬ್ಬಳು ಅಲ್ಲಿ ಕೂತದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಪಕ್ಕದಲ್ಲೇ ದೊಡ್ಡ ಮಾವ. ಕಟ್ಟೆಯ ಮೇಲಿದ್ದವರೆಲ್ಲರ ಕಣ್ಣೂ ಬೆರಳಿಲ್ಲದ ಆ ಪಾದದ ಮೇಲೆ ಬಿದ್ದವು.

"ಜರಾ ಸರೀರಿ ಮಾವಾರ," ಎಂದಳು ನನ್ನ ನೆಗೆಣ್ಣಿ, "ಚಪ್ಪಲಿ ಹಾಕ್ಕೋಬೇಕು."

ದೊಡ್ಡ ಮಾವ ಎಲೆಯಡಿಕೆ ಚೀಲ ಎತ್ತಿಕೊಂಡು ಆಚೆ ಸರಿದರು.