ತೋಳಿನ ಕಪ್ಪು ದಾರ

ಗುಬ್ಬಿಯಲ್ಲಿ ಎತ್ತಿನಗಾಡಿಗೆ ಚಕ್ರ ಮಾಡುವುದು ನನ್ನ ಕಸುಬು. ಅಪ್ಪ ತೀರಿಕೊಂಡಾಗ ಮಿಡ್ಲ್‌ಸ್ಕೂಲು ಬಿಟ್ಟು ಉಳಿ ಹಿಡಿದವನು. ಯಾರ ಮುಂದೆಯೂ ಕೈಯೊಡ್ಡದೆ ಅವ್ವನನ್ನೂ ತಮ್ಮನನ್ನೂ ಸಾಕಿದೆ. ಅರವತ್ತರ ದಶಕದ ಶುರುವಿನಲ್ಲಿ ತಮ್ಮ ಗರಡಿಗೆ ಸೇರಿದ. ಅವನ ಹಾಲಿಗೆ, ಬಾದಾಮಿಗೆ ನಾನು ಒಂದು ದಿನವೂ ಕಡಿಮೆ ಮಾಡಲಿಲ್ಲ.

ನಮ್ಮ ಗರಡಿಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಹುಡುಗನ ತೋಳಿಗೆ ಉಸ್ತಾದರು ಕಪ್ಪು ದಾರ ಕಟ್ಟುತ್ತಿದ್ದರು. ಸಾಮು ಮಾಡಿ ತೋಳು ಬಲಿತು ದಾರ ಬಿಗಿಯಾದರೆ, ಅದನ್ನು ಕತ್ತರಿಸಿ ಆಂಜನೇಯನ ಪಟದ ಮುಂದಿಟ್ಟು, ಬೆಲ್ಲ ಕೊಬ್ಬರಿ ಹಂಚಿ ಹೊಸದು ಕಟ್ಟಬೇಕು. ತಮ್ಮನ ದಾರ ವರ್ಷವಾದರೂ ಸಡಿಲವಾಗಿಯೇ ಇತ್ತು.

"ಏನ್ಲಾ, ಉಡುದಾರನ ತೋಳಿಗ್ ಕಟ್ಕಂಡಿದೀಯಾ?" ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಅಲ್ಲಿ ನಗುತ್ತಿದ್ದ, ಮನೆಗೆ ಬಂದರೆ ಉಣ್ಣುತ್ತಿರಲಿಲ್ಲ.

ಆ ಬೇಸಿಗೆ ಕುಣಿಗಲ್ಲಿನ ಕುಸ್ತಿಗೆ ಅವನ ಎದುರು ಯಾರು ಆಡಬೇಕೆಂದು ಜೋಡಿ ಗೊತ್ತುಮಾಡಿದರು. ಅದಾದ ಕೆಲವೇ ವಾರಗಳಲ್ಲಿ ದಾರ ಬಿಗಿಯಾಯಿತು. ಬೆಲ್ಲ ಹಂಚಿದೆವು. ಮತ್ತೆ ಬಿಗಿಯಾಯಿತು, ಮತ್ತೆ ಹಂಚಿದೆವು. ಮುಖವೂ ದುಂಡಗಾಗಿತ್ತು. "ನಿನ್ ಹಾಲು ಮೈಗ್ ಹತ್ತೈತೆ ಕಣಪ್ಪಾ," ಎಂದು ಉಸ್ತಾದರು ನನ್ನ ಬೆನ್ನು ತಟ್ಟಿದರು. ಬೀದಿಯಲ್ಲಿ ಎದೆಯುಬ್ಬಿಸಿ ನಡೆದೆ.

ಅನುಮಾನ ಬಂದದ್ದು ಅವ್ವನಿಗೆ. ಒಂದು ಬೆಳಗ್ಗೆ ಅವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ಕರೆದಳು. "ಇಲ್ನೋಡ್ಲಾ, ಹೆಬ್ಬೆಟ್ ಒತ್ತಿದ್ ಕಡೆ ಗುಳಿ ಬಿದ್ದದ್ದು ಮೇಲಕ್ಕೇ ಬರ್ತಿಲ್ಲ. ಇದು ಮಾಂಸ ಅಲ್ಲ ಕಣೋ, ನೀರು."

"ಗರಡಿ ವಿಷ್ಯ ನಿಂಗೇನ್ ಗೊತ್ತು, ಸುಮ್ಕಿರವ್ವ," ಎಂದ ತಮ್ಮ. ಆದರೆ ಏಳುವಾಗ ಗೋಡೆ ಹಿಡಿದ.

ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಜೇಬಿನಿಂದ ಒಂದು ಸೀಸೆ ತೆಗೆದುಕೊಟ್ಟ. ಬಸ್ ಸ್ಟ್ಯಾಂಡಿನ ಬಳಿ ಪೆಟ್ಟಿಗೆ ಇಟ್ಟುಕೊಂಡು ಕೂರುವವನೊಬ್ಬ ತಾಕತ್ತಿನ ಮಾತ್ರೆ ಎಂದು ಮಾರಿದ್ದನಂತೆ. ಔಷಧಿ ಅಂಗಡಿಯಲ್ಲಿ ಕಾಣುವಂಥದೇ ಲೇಬಲ್ಲು, ಇಂಗ್ಲಿಷ್ ಅಕ್ಷರ.

"ಯಾಕ್ಲಾ ನಂಗೊಂದ್ ಮಾತ್ ಹೇಳ್ಲಿಲ್ಲ?"

"ಹೇಳಿದ್ರೆ ತಿನ್ನಕ್ ಬುಡ್ತಿದ್ದಾ? ಆ ದಾರ ಜೋತ್ ಬಿದ್ದಿದ್ದ ನೋಡಕ್ಕಾಯ್ತಿರ್ಲಿಲ್ಲ ಕಣಣ್ಣ."

ಡಾಕ್ಟರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ಸೀಸೆ ಅಸಲಿ, ಖಾಲಿಯಾದದ್ದನ್ನು ಆಯ್ದು ಒಳಗೆ ಬೇರೆ ಏನನ್ನೋ ತುಂಬಿದ್ದಾರೆ ಎಂದರು. ತಮ್ಮನ ಮೂತ್ರಪಿಂಡಗಳು ಕೆಟ್ಟಿದ್ದವು.

ಊದಿದ ತೋಳಿಗೆ ದಾರ ಕಚ್ಚಿಕೊಂಡಿತ್ತು. ನರ್ಸಮ್ಮ ಕತ್ತರಿ ತಂದಾಗ, "ನೀನೇ ಕತ್ತರ್ಸಣ್ಣ," ಎಂದ. ಕತ್ತರಿಸಿದೆ. ದಾರವಿದ್ದ ಕಡೆ ಬಿದ್ದಿದ್ದ ಗೆರೆ ಹಾಗೆಯೇ ಉಳಿಯಿತು. ಕುಣಿಗಲ್ಲಿನ ಕುಸ್ತಿಯ ದಿನ ಬರುವ ಹೊತ್ತಿಗೆ ಅವನು ಬದುಕಿರಲಿಲ್ಲ.

ಪೆಟ್ಟಿಗೆಯವನು ಮತ್ತೆ ಸಿಗಲಿಲ್ಲ. ಉಸ್ತಾದರು ದಾರ ಕಟ್ಟುವುದನ್ನು ನಿಲ್ಲಿಸಿದರು. ನಾನು ಸಂಜೆ ಕೆಲಸ ಮುಗಿಸಿ ಗರಡಿಯ ಬಾಗಿಲಲ್ಲಿ ಕೂರತೊಡಗಿದೆ. ಬರುವ ಪ್ರತಿ ಹುಡುಗನ ಕಣಕಾಲಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ, ನೋಡಿ, ಒಳಗೆ ಬಿಡುತ್ತಿದ್ದೆ. ಆಮೇಲೆ ಸೇರಿದವರಿಗೆ ಕಾರಣ ತಿಳಿಯದು. "ಬೇಗ ಒತ್ತಣ್ಣೋ, ಹೊತ್ತಾಯ್ತು," ಎಂದು ತಾವೇ ಕಾಲು ಚಾಚಿ ನಗುತ್ತಿದ್ದರು. ಒತ್ತಿದ ಗುಳಿ ಕಣ್ಣೆದುರೇ ಮೇಲೆದ್ದು ಬರುತ್ತಿತ್ತು. ಆದರೂ ನನ್ನ ಕೈ ತೆಗೆಯಲು ಸ್ವಲ್ಪ ಹೊತ್ತಾಗುತ್ತಿತ್ತು.